ಮುಖಕ್ಕೆ ಬಾರದ ನಗು

ಪೇಟೆಬೀದಿಯ ಆ ಚಪ್ಪಲಿ ಅಂಗಡಿಯಲ್ಲಿ ಕೆಲಸದವರು ಹಲವರಿದ್ದರೂ, ಮಕ್ಕಳನ್ನು ಕರೆತಂದವರು ಬಾಗಿಲಲ್ಲೇ ನಿಂತು ಕೇಳುತ್ತಿದ್ದದ್ದು ಬೂಟು ಮಾಮ ಇದ್ದಾರಾ ಎಂದು. ಅವನು ಬಂದು ನೆಲಕ್ಕೆ ಮಂಡಿಯೂರಿ, ಮಗುವಿನ ಪಾದವನ್ನು ಅಂಗೈಯಲ್ಲಿಟ್ಟುಕೊಂಡು, ಮೊದಲು ಹೆಬ್ಬೆರಳನ್ನು ಮಾತಾಡಿಸುತ್ತಿದ್ದ. ಏನಪ್ಪಾ ಯಜಮಾನ, ನಿನ್ನ ಕೊನೇ ತಮ್ಮನಿಗೆ ಸರಿಯಾಗಿ ಊಟ ಹಾಕ್ತಿಲ್ವೇನು, ಇಷ್ಟು ಸೊರಗಿದ್ದಾನೆ, ಎನ್ನುತ್ತಿದ್ದ. ಮಾತಿನಲ್ಲಿ ಅಂಥ ವಿಶೇಷವೇನೂ ಇರಲಿಲ್ಲ. ಮಕ್ಕಳು ನಗುತ್ತಿದ್ದದ್ದು ಅವನ ಮುಖ ನೋಡಿ. ಒಂದು ಹುಬ್ಬು ಮೇಲೆ ಹೋದರೆ ಇನ್ನೊಂದು ಕೆಳಗೇ ಕಾಯುತ್ತಿತ್ತು. ಮೂಗು ತನ್ನ ಪಾಡಿಗೆ ತಾನು ಕುಣಿಯುತ್ತಿತ್ತು. ಚುಚ್ಚುಮದ್ದು ಹಾಕಿಸಿಕೊಂಡು ಅಳುತ್ತ ಬಂದ ಮಗುವೂ ಹೊಸ ಬೂಟು ಮೆಟ್ಟಿಕೊಂಡು ನಗುತ್ತ ಹೋಗುತ್ತಿತ್ತು.

ಮನೆಯಲ್ಲಿ ಅವನಿಗೆ ಮಾತು ಕಡಿಮೆ. ನಾಲಿಗೆಯನ್ನು ಅಂಗಡಿಯಲ್ಲೇ ಬಿಟ್ಟು ಬರುತ್ತಾನೆ ಎಂದು ಹೆಂಡತಿಯ ಅಕ್ಕ ಹಾಸ್ಯ ಮಾಡುತ್ತಿದ್ದಳು. ಹೆಂಡತಿಗೆ ಅದರ ಕೊರತೆ ಎಂದೂ ಕಾಣಲಿಲ್ಲ. ಅವಳು ಮನೆಯಲ್ಲೇ ಹೊಲಿಗೆಯಂತ್ರ ಇಟ್ಟುಕೊಂಡು ಕಿಟಕಿ ಬಾಗಿಲುಗಳ ಪರದೆ ಹೊಲಿಯುತ್ತಿದ್ದಳು. ಸಂಜೆ ಅವನು ಒಳಗೆ ಕಾಲಿಟ್ಟ ಕೂಡಲೇ ಮುಖ ನೋಡಿದರೆ ಅಂಗಡಿಯ ಇಡೀ ದಿನ ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಊಟ ರುಚಿಯಾಗಿದ್ದರೆ ಹುಬ್ಬು ಏರುತ್ತಿತ್ತು, ಉಪ್ಪು ಹೆಚ್ಚಾಗಿದ್ದರೆ ತುಟಿಯ ಎಡಮೂಲೆ ಇಳಿಯುತ್ತಿತ್ತು. ಜಗಳವಾದರೆ ಯಂತ್ರದ ಪಕ್ಕ ಬಂದು, ಹೊಡೆಸಿಕೊಂಡ ಕರುವಿನ ಹಾಗೆ ಮುಖ ಮಾಡಿಕೊಂಡು ನಿಲ್ಲುತ್ತಿದ್ದ. ಅಲ್ಲಿಗೆ ಜಗಳ ಮುಗಿಯುತ್ತಿತ್ತು. ನೀನಂದ್ರೆ ನಂಗಿಷ್ಟ ಎಂದು ಅವನು ಒಂದು ದಿನವೂ ಬಾಯಿಬಿಟ್ಟು ಹೇಳಿದವನಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಆ ಮುಖ ಸುಮ್ಮನಾದದ್ದು ಯಾವಾಗ ಎಂದು ಅವಳಿಗೆ ತಿಳಿಯಲಿಲ್ಲ. ಗಿಡಕ್ಕೆ ನೀರು ಕಡಿಮೆಯಾದ ಹಾಗೆ ಅದು ನಿಧಾನಕ್ಕೆ ಆಗಿರಬೇಕು. ಮೊದಲು ದಣಿವು ಎಂದುಕೊಂಡಳು. ಆಮೇಲೆ ಮಗಳು ತಾನು ಮೆಚ್ಚಿದ ಹುಡುಗನನ್ನು ಮನೆಗೆ ಕರೆತಂದಳು. ಹುಡುಗ ಒಳ್ಳೆಯವನು, ಮಗಳ ಜೊತೆ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ. ಅಪ್ಪ ಅವನೆದುರು ಕುಳಿತು, ಆಯ್ತಪ್ಪಾ, ಒಳ್ಳೇದಾಯ್ತು ಎಂದ. ಮುಖ ಮಾತ್ರ ಸುಣ್ಣ ಬಳಿದ ಗೋಡೆಯಂತಿತ್ತು. ಮಗಳು ಅಡುಗೆಮನೆಗೆ ಬಂದು ಕಣ್ಣೊರೆಸಿಕೊಂಡಳು. ಅಪ್ಪನಿಗೆ ಇಷ್ಟವಿಲ್ಲ, ಬಾಯಲ್ಲಿ ಮಾತ್ರ ಹೂಂ ಅಂತಿದ್ದಾರೆ, ಎಂದಳು. ಹೆಂಡತಿ ಹೋಗಿ ಕೇಳಿದ್ದಕ್ಕೆ, ಇಷ್ಟ ಇಲ್ಲ ಅಂತ ಯಾರು ಹೇಳಿದ್ದು ಎಂದು ಅದೇ ಏರಿಳಿತವಿಲ್ಲದ ದನಿಯಲ್ಲಿ ಕೇಳಿದ. ಮದುವೆಯ ದಿನವೂ ಹಾಗೆಯೇ ನಿಂತಿದ್ದ. ಬಂದವರು ಪಿಸುಗುಟ್ಟಿದರು.

ಒಂದು ಬೆಳಿಗ್ಗೆ ಅವಳು ಒಲೆಯ ಮೇಲೆ ಹಾಲಿಟ್ಟು ಪಕ್ಕದ ಮನೆಗೆ ಪರದೆಯ ಅಳತೆ ತೆಗೆಯಲು ಹೋದಳು. ಬರುವಷ್ಟರಲ್ಲಿ ಹಾಲು ಉಕ್ಕಿ, ಬತ್ತಿ, ಪಾತ್ರೆ ಕಪ್ಪಾಗಿ, ವಾಸನೆ ಓಣಿಯ ತನಕ ಬಂದಿತ್ತು. ಅವನು ಅಡುಗೆಮನೆಗೆ ಬೆನ್ನು ಹಾಕಿ ಪೇಪರ್ ಓದುತ್ತ ಕುಳಿತಿದ್ದ. ಇಷ್ಟು ಹತ್ತಿರ ಇದ್ದೂ ಮೂಗು ಎಲ್ಲಿಗೆ ಹೋಗಿತ್ತು ಎಂದು ಅವಳು ಕೂಗಾಡಿದಳು. ಅವನು ತಲೆಯೆತ್ತಿ ಅವಳನ್ನು ನೋಡಿದ. ಆ ನೋಟದಲ್ಲಿ ಏನೂ ಇರಲಿಲ್ಲ. ನಾನು ಕೂಗಿಕೊಂಡರೂ ಇವರಿಗೆ ಲೆಕ್ಕಕ್ಕಿಲ್ಲ ಎಂದು ಅವಳಿಗೆ ಅನ್ನಿಸಿತು.

ಅಂಗಡಿಯಲ್ಲೂ ಗಿರಾಕಿಗಳು ದೂರತೊಡಗಿದ್ದರು. ಆ ಮನುಷ್ಯ ಸಿಡುಕ, ಮಕ್ಕಳು ಹೆದರಿಕೊಳ್ಳುತ್ತವೆ ಎಂದರು. ಮಾಲೀಕರು ಅವನನ್ನು ಹಿಂದಿನ ಗೋದಾಮಿಗೆ ಹಾಕಿದರು. ಪೆಟ್ಟಿಗೆಗಳ ಮೇಲೆ ನಂಬರ್ ಬರೆದು ಜೋಡಿಸುವ ಕೆಲಸ. ಅದನ್ನೂ ಅವನು ಮನೆಗೆ ಬಂದು ಬಸ್ಸು ತಡವಾಯಿತು ಎನ್ನುವ ಹಾಗೆ ಹೇಳಿದ. ಅವಳು ಮರುಗಲಿಲ್ಲ. ಅವನಿಗೇ ಇಲ್ಲದ ಬೇಸರ ತನಗೇಕೆ ಎಂದುಕೊಂಡಳು.

ಕೊನೆಗೆ ಅವಳ ತಾಯಿ ತೀರಿಕೊಂಡರು. ಆ ಮುದುಕಿಗೆ ಅಳಿಯನೆಂದರೆ ಪ್ರಾಣ, ಅಳಿಯನಿಗೂ ಅತ್ತೆಯೆಂದರೆ ಅಷ್ಟೇ. ಇಬ್ಬರೂ ಸೇರಿ ಅವಳನ್ನು ಗೇಲಿ ಮಾಡಿಕೊಂಡು ನಗುತ್ತಿದ್ದವರು. ಅವಳು ಅಮ್ಮನ ಕಾಲು ಹಿಡಿದು ಅಳುತ್ತಿದ್ದಾಗ ತಲೆಯೆತ್ತಿ ಗಂಡನನ್ನು ಹುಡುಕಿದಳು. ಅವನು ಗೋಡೆಗೊರಗಿ, ಬಸ್ ಸ್ಟಾಪಿನಲ್ಲಿ ನಿಂತವನ ಹಾಗೆ ನಿಂತಿದ್ದ. ಅವಳ ಮನಸ್ಸು ಆಗಲೇ ಮುರಿಯಿತು. ಮನೆಗೆ ಬಂದವಳು ಹಾಸಿಗೆಯನ್ನೂ ಹೊಲಿಗೆಯಂತ್ರವನ್ನೂ ಮಗಳ ಖಾಲಿ ಕೋಣೆಗೆ ಸಾಗಿಸಿದಳು. ಅವನು ಯಾಕೆಂದು ಕೇಳಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಆ ಇಬ್ಬರೂ ಒಂದೇ ಸೂರಿನಡಿ, ಒಂದೇ ರೈಲು ಡಬ್ಬಿಯಲ್ಲಿ ಕುಳಿತ ಅಪರಿಚಿತರಂತೆ ಬದುಕಿದರು.

ಮಗಳು ಬಸುರಿಯಾದಾಗ ಒಂದು ಸಂಜೆ ಮೂವರೂ ಪೇಟೆಗೆ ಹೋಗಿದ್ದರು. ಮಗಳು ಹಿಂದೆ ನಿಧಾನವಾಗಿ ನಡೆಯುತ್ತಿದ್ದಳು. ನಡೆಯುವಾಗ ಎಲ್ಲರ ಕೈಯೂ ಹಿಂದೆ ಮುಂದೆ ಆಡುತ್ತದೆ, ಅಪ್ಪನ ಬಲಗೈ ಮಾತ್ರ ಜೋತುಬಿದ್ದಂತಿತ್ತು, ಬಲಗಾಲು ನೆಲ ಸವರುತ್ತಿತ್ತು. ಪಾರ್ಶ್ವವಾಯುವೇನೋ ಎಂದು ಹೆದರಿ ಅವಳು ಹಟ ಹಿಡಿದು ಅಪ್ಪನನ್ನು ನರರೋಗದ ಡಾಕ್ಟರ ಹತ್ತಿರ ಕರೆದೊಯ್ದಳು. ಹೆಂಡತಿಯೂ ಹೋದಳು, ಮಗಳ ಒತ್ತಾಯಕ್ಕೆ.

ಡಾಕ್ಟರಮ್ಮ ನಡುವಯಸ್ಸಿನವರು, ಅವಸರವಿಲ್ಲದವರು. ಅವನನ್ನು ನಡೆಸಿದರು, ಬೆರಳಿಗೆ ಬೆರಳು ತಟ್ಟಿಸಿದರು, ಒಂದು ಸಾಲು ಬರೆಸಿದರು. ಅಕ್ಷರಗಳು ಹೋಗುತ್ತ ಹೋಗುತ್ತ ಇರುವೆಯಷ್ಟಾದವು. ಲವಂಗವನ್ನು ಮೂಗಿನ ಹತ್ತಿರ ಹಿಡಿದರೆ ಅವನು ಏನೂ ಇಲ್ಲ ಎಂದ. ಚಪ್ಪಲಿ ಅಂಗಡಿಯಲ್ಲಿ ಇಷ್ಟು ವರ್ಷ ಕಾಲಿನ ವಾಸನೆ ಕುಡಿದು ಮೂಗು ರಾಜೀನಾಮೆ ಕೊಟ್ಟಿರಬೇಕು ಎಂದೂ ಸೇರಿಸಿದ. ಡಾಕ್ಟರಮ್ಮ ಜೋರಾಗಿ ನಕ್ಕರು, ಮಗಳೂ ನಕ್ಕಳು. ನಗು ನಿಂತ ಮೇಲೆ ಡಾಕ್ಟರಮ್ಮ ಅವನ ಮುಖವನ್ನೇ ನೋಡುತ್ತ ಕೇಳಿದರು.

"ಈಗ ನೀವೂ ನಕ್ಕಿರಾ?"

"ನಕ್ಕೆನಲ್ಲ," ಎಂದ ಅವನು. ಆಮೇಲೆ ಹೆಂಡತಿಯ ಕಡೆ ತಿರುಗಿದ. "ನಗ್ಲಿಲ್ವಾ?"

ಹೆಂಡತಿ ತಲೆಯಾಡಿಸಿದಳು, ಇಲ್ಲ ಎಂದು.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಮಿದುಳಿನ ಆಳದಲ್ಲೊಂದು ಪುಟ್ಟ ಜಾಗವಿದೆ, ಮೈ ತಾನಾಗಿ ಮಾಡುವ ಚಲನೆಗಳಿಗೆಲ್ಲ ಚಾಲನೆ ಕೊಡುವ ರಸ ಅಲ್ಲಿ ಹುಟ್ಟುತ್ತದೆ, ಅಲ್ಲಿನ ಜೀವಕೋಶಗಳು ಸಾಯುತ್ತಿವೆ. ಕೈ ಬೀಸದಿರುವುದು, ಅಕ್ಷರ ಕುಗ್ಗುವುದು, ದನಿ ಚಪ್ಪಟೆಯಾಗುವುದು ಎಲ್ಲ ಅದರಿಂದಲೇ, ವಾಸನೆ ಹೋದದ್ದೂ ಇದೇ ಕಾಯಿಲೆಯಲ್ಲಿ. ನಗಿ ಎಂದು ಹೇಳಿದರೆ ಇವರು ಕಷ್ಟಪಟ್ಟು ತುಟಿ ಎಳೆಯಬಲ್ಲರು, ತಾನಾಗಿ ಅರಳಬೇಕಾದ ನಗು ಮಾತ್ರ ಮುಖಕ್ಕೆ ಬರುವುದಿಲ್ಲ. ಒಳಗಿನ ಸಂತೋಷ, ದುಃಖ ಎಲ್ಲ ಇದ್ದ ಹಾಗೇ ಇವೆ. ಮಾತ್ರೆಯಿಂದ ಸ್ವಲ್ಪ ಸಡಿಲವಾಗುತ್ತದೆ, ಗುಣವಾಗುವುದಿಲ್ಲ. ಆಮೇಲೆ ಹೆಂಡತಿಯನ್ನು ನೋಡಿ, ಇದು ನಿಮಗೂ ಸುಲಭವಲ್ಲ, ಎದುರಿನವರ ಮುಖವನ್ನು ನಾವು ಯೋಚಿಸಿ ಓದುವುದಿಲ್ಲ, ಯೋಚಿಸುವಷ್ಟರಲ್ಲಿ ಓದಿ ಮುಗಿದಿರುತ್ತದೆ, ಎಂದರು. ಅವಳಿಗೆ ಆಗ ಅದು ಅರ್ಥವಾಗಲಿಲ್ಲ.

ಮಗಳು ಔಷಧಿ ಅಂಗಡಿಗೆ ಹೋದಾಗ ಇಬ್ಬರೂ ಆಸ್ಪತ್ರೆಯ ಹೊರಗಿನ ಕಲ್ಲುಬೆಂಚಿನಲ್ಲಿ ಕುಳಿತರು. ಅವನೇ ಮೊದಲು ಬಾಯಿಬಿಟ್ಟ.

"ಜನ ನಗೋದು ಬಿಟ್ಟಿದ್ದಾರೆ ಅಂದ್ಕೊಂಡಿದ್ದೆ ಕಣೆ. ಅಂಗಡೀಲಿ ಮಕ್ಕಳು ನಗ್ತಿರಲಿಲ್ಲ. ಮನೆಗೆ ಬಂದ್ರೆ ನೀನೂ ನಗ್ತಿರಲಿಲ್ಲ. ವಯಸ್ಸಾಯ್ತು, ನಾನು ಯಾರಿಗೂ ಬೇಡವಾದೆ ಅಂದ್ಕೊಂಡೆ."

ಕೇಳಬಾರದೆಂದು ಬಚ್ಚಿಟ್ಟಿದ್ದನ್ನು ಅವಳು ಕೇಳಿದಳು.

"ಅಮ್ಮ ಹೋದ ದಿನ?"

"ನಿನ್ನ ಹಾಗೇ ಅಳ್ತಾ ಇದ್ದೆ," ಎಂದ. "ನೀನು ನನ್ನ ನೋಡಿ ಮುಖ ತಿರುಗಿಸಿಕೊಂಡೆ. ದುಃಖದಲ್ಲಿ ಇದ್ದಾಳೆ ಅಂತ ಸುಮ್ನಾದೆ."

ಅದೇ ದಿನ ಅವಳು ಹಾಸಿಗೆಯನ್ನು ಮೊದಲಿನ ಕೋಣೆಗೆ ತಂದಳು. ಮಗಳೂ ತನ್ನ ಗಂಡನನ್ನು ಕರೆತಂದು ಅಪ್ಪನ ಪಕ್ಕ ಕೂರಿಸಿ, ಹಳೆಯದನ್ನೆಲ್ಲ ಮತ್ತೆ ಕೇಳಿ ತಿಳಿದುಕೊಂಡಳು. ನಿನ್ನ ಗಂಡನನ್ನು ಕಂಡ ದಿನ ನಾನು ಖುಷಿಯಿಂದ ಹಲ್ಲು ಕಿರಿದುಕೊಂಡೇ ಕೂತಿದ್ದೆ ಎಂದು ಅವನು ಹೇಳಿದಾಗ ಅವಳು ಅಪ್ಪನ ಭುಜಕ್ಕೆ ಹಣೆಯಿಟ್ಟು ಅತ್ತಳು.

ಎಲ್ಲ ತಿಳಿಯಿತು, ಇನ್ನು ಸರಿಹೋಯಿತು ಎಂದು ಹೆಂಡತಿ ನಂಬಿದಳು. ಸರಿಹೋಗಲಿಲ್ಲ. ತಿಳಿವಳಿಕೆ ಒಂದು ಕಡೆ, ಕರುಳು ಒಂದು ಕಡೆ. ಅವನಿಗಿಷ್ಟವಾದ ಅಡುಗೆ ಮಾಡಿ ಬಡಿಸಿ ಮುಖ ನೋಡಿದರೆ ಅದೇ ಗೋಡೆ, ಅವಳ ಎದೆ ಅದೇ ಹಿಂದಿನಂತೆ ಧಸಕ್ಕೆನ್ನುತ್ತಿತ್ತು. ಸಿಟ್ಟು ಮೊದಲು ಬರುತ್ತಿತ್ತು, ಕಾಯಿಲೆಯ ನೆನಪು ಆಮೇಲೆ. ದಿನವೂ ಹೀಗೆಯೇ. ಕೊನೆಗೆ, ನಿಮಗೆ ಅನ್ನಿಸಿದ್ದನ್ನು ಬಾಯಲ್ಲಿ ಹೇಳಿಬಿಡಿ ಎಂದು ಕೇಳಿಕೊಂಡಳು. ಎಂದೂ ಹೇಳಿ ಅಭ್ಯಾಸವಿಲ್ಲದವನು ಪಾಪ ಶುರುಮಾಡಿದ. ಊಟದ ನಡುವೆ, ಈಗ ಖುಷಿ ಆಗಿದೆ, ಎನ್ನುತ್ತಿದ್ದ. ಟಿವಿ ನೋಡುತ್ತ, ಈಗ ಸ್ವಲ್ಪ ಬೇಜಾರು, ಎನ್ನುತ್ತಿದ್ದ. ರೈಲು ಯಾವ ಪ್ಲಾಟ್‌ಫಾರಂಗೆ ಬರುತ್ತದೆಂದು ಸ್ಟೇಷನ್ನಿನಲ್ಲಿ ಸಾರುವ ದನಿ. ಅವಳಿಗೆ ನಗು ತಡೆಯಲಾಗದೆ ಒಂದು ದಿನ ಸೆರಗು ಬಾಯಿಗಿಟ್ಟುಕೊಂಡಳು. ಅವನು, ನಾನೂ ನಗ್ತಾ ಇದ್ದೀನಿ, ಎಂದು ಸಾರಿದ. ಅವಳು ಇನ್ನಷ್ಟು ನಕ್ಕಳು, ನಗುತ್ತ ನಗುತ್ತ ಎದ್ದು ಹಿತ್ತಲಿಗೆ ಹೋಗಿ ಅತ್ತಳು.

ಮೊಮ್ಮಗಳು ಹುಟ್ಟಿ, ಕತ್ತು ನಿಂತು, ಮುಖಗಳನ್ನು ಗುರುತಿಸುವಷ್ಟಾದಳು. ಭಾನುವಾರ ಮಗಳು ಕರೆತಂದಾಗ ಅವನು ಮಾತ್ರೆಯ ಹೊತ್ತು ನೋಡಿಕೊಂಡು, ಈಚೆಗೆ ಶುರುವಾಗಿದ್ದ ಕೈ ನಡುಕ ತಗ್ಗಿದ ಮೇಲೆ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡ. ಏನಮ್ಮಾ ಯಜಮಾನಿ, ಎಂದು ಶುರುಮಾಡಿದ. ಮಗು ಅವನನ್ನೇ ನೋಡಿ ನಕ್ಕಿತು. ಕಾಯಿತು. ಇನ್ನೊಮ್ಮೆ ನಕ್ಕಿತು, ಊಂ ಎಂದು ಕರೆಯಿತು, ಕೈಕಾಲು ಬಡಿಯಿತು. ಏನೂ ಮರಳಿ ಬರಲಿಲ್ಲ. ಮಗುವಿನ ನಗು ಮೆಲ್ಲನೆ ಇಳಿಯಿತು. ಅದು ಮುಖ ತಿರುಗಿಸಿಕೊಂಡು ಬೆರಳು ಚೀಪಿತು, ಕದ್ದು ಮತ್ತೆ ನೋಡಿತು, ಆಮೇಲೆ ಕಿರುಚಿ ಅಳತೊಡಗಿತು. ಅಜ್ಜಿ ಎತ್ತಿಕೊಂಡು ಮೂಗಿಗೆ ಮೂಗು ಉಜ್ಜಿದ ಕೂಡಲೇ ಸುಮ್ಮನಾಯಿತು. ನಿದ್ದೆ ಬಂದಿರಬೇಕು ಎಂದಳು ಮಗಳು.

ಮುಂದಿನ ವಾರವೂ ಹಾಗೆಯೇ ಆಯಿತು. ಅವನು ಕನ್ನಡಿಯ ಮುಂದೆ ನಿಂತು ತುಟಿ ಎಳೆದು ಹಲ್ಲು ತೋರಿಸುವುದನ್ನು ಅಭ್ಯಾಸ ಮಾಡುತ್ತಿದ್ದದ್ದನ್ನು ಹೆಂಡತಿ ಕಂಡಿದ್ದಳು. ಆ ಎಳೆದ ನಗು ಕಂಡು ಮಗು ಇನ್ನೂ ಬೇಗ ಅತ್ತಿತು. ಅಂದಿನಿಂದ ಭಾನುವಾರ ಬಂತೆಂದರೆ ಅವನಿಗೆ ಹಿತ್ತಲಲ್ಲಿ ಏನಾದರೂ ಕೆಲಸ ಹುಟ್ಟಿಕೊಳ್ಳುತ್ತಿತ್ತು. ಹರಿದ ಚಪ್ಪಲಿ ಹಿಡಿದು ಹೊಲಿಯಲಾಗದ ಬೆರಳುಗಳಿಂದ ಹೊಲಿಯುತ್ತ ಕೂರುತ್ತಿದ್ದ.

ಒಂದು ಭಾನುವಾರ ಹೆಂಡತಿ ಹೋಗಿ ಒಳಗೆ ಕರೆದಳು. ಮಗುವಿಗೆ ಏನು ತಿಳಿಯುತ್ತದೆ, ರೂಢಿಯಾಗುತ್ತದೆ ಬನ್ನಿ ಎಂದಳು.

"ಮಗೂದು ತಪ್ಪಿಲ್ಲ," ಎಂದ ಅವನು. "ನೀನೂ ಹಾಗೇ ಅಲ್ವಾ."

"ನಾನೇನ್ ಮಾಡ್ದೆ?"

"ಒಳಗೆ ಬಂದವಳೇ ಮೊದಲು ನನ್ನ ಮುಖ ನೋಡ್ತೀಯ. ನೋಡಿ ಬಾಡಿಹೋಗ್ತೀಯ. ಆಮೇಲೆ ನೆನಪು ಮಾಡ್ಕೊಂಡು ನಗ್ತೀಯ. ದಿನಾ ನೋಡ್ತೀನಿ."

ಅವಳು ಅವನ ಕೈಯಿಂದ ಚಪ್ಪಲಿ ತೆಗೆದು ಪಕ್ಕಕ್ಕಿಟ್ಟಳು.

"ಹೌದು ರೀ. ಬೇಡ ಅಂದ್ರೂ ಆಗುತ್ತೆ. ನನ್ನ ಕೈಲಿಲ್ಲ."

"ನಂದೂ ಅಷ್ಟೇ," ಎಂದ ಅವನು.

ಅವಳು ಅವನೆದುರು ನಿಂತಿದ್ದವಳು ಪಕ್ಕಕ್ಕೆ ಬಂದು, ಮೆಟ್ಟಿಲ ಮೇಲೆ ಭುಜಕ್ಕೆ ಭುಜ ತಾಗಿಸಿ ಕುಳಿತಳು. ಅಲ್ಲಿಂದ ಅವನ ಮುಖ ಕಾಣುತ್ತಿರಲಿಲ್ಲ. ಅವನ ತೋಳಿನ ಬಿಸಿ ತಾಗುತ್ತಿತ್ತು, ಉಸಿರು ಕೇಳುತ್ತಿತ್ತು. ಎಷ್ಟೋ ಕಾಲದ ಮೇಲೆ ಅವಳ ಎದೆ ಸ್ವಲ್ಪ ಹಗುರಾಯಿತು. ಒಳಗೆ ಹೋಗಿ ಮಗುವನ್ನು ಎತ್ತಿಕೊಂಡು ಬಂದಳು. ಅದರ ಮುಖ ಹೊರಗಡೆಗೆ ಮಾಡಿ, ಬೆನ್ನನ್ನು ಅವನ ಹೊಟ್ಟೆಗೆ ಆನಿಸಿ ಕೂರಿಸಿದಳು. ಮಗು ಹಿತ್ತಲ ಗೋಡೆಯ ಮೇಲಿನ ಕಾಗೆಯನ್ನು ನೋಡಿತು. ನಡುಗುವ ಬೆರಳೊಂದನ್ನು ಹಿಡಿದು ಬಾಯಿಗೆ ಹಾಕಿಕೊಂಡಿತು. ಅಳಲಿಲ್ಲ. ತಾನು ಕೂತದ್ದು ಯಾರ ತೊಡೆಯೆಂದು ಅದಕ್ಕೆ ತಿಳಿದಿತ್ತೋ ಇಲ್ಲವೋ. ಅವನು ಅದರ ನೆತ್ತಿಗೆ ಗಲ್ಲ ಊರಿದ. ಹೆಂಡತಿ ಓರೆಗಣ್ಣಿನಿಂದ ನೋಡಿದಳು. ಅಲುಗದ ಮುಖದ ಮೇಲೆ ನೀರು ಇಳಿಯುತ್ತಿತ್ತು.

ಹಾಗೆ ಬೆನ್ನು ಕೊಟ್ಟು ಕೂರಿಸಿಕೊಂಡೇ ಅವನು ಆ ಮಗುವನ್ನು ಆಡಿಸಿದ. ಅದು ನಡೆಯಲು ಕಲಿತ ಮೇಲೆ ತೊಡೆಯಿಂದ ಜಾರಿ ಓಡತೊಡಗಿತು. ಎದುರಿನಿಂದ ಅವನ ಬಳಿ ಬರುತ್ತಿರಲಿಲ್ಲ. ಕುರ್ಚಿಯ ಹಿಂದಿನಿಂದ ಬಂದು ತೋಳು ಮುಟ್ಟಿ ಓಡಿಹೋಗುತ್ತಿತ್ತು. ಅಷ್ಟರಲ್ಲಿ ಅವನ ದನಿಯೂ ಕುಗ್ಗಿತು. ಖುಷಿ ಆಗಿದೆ ಎಂಬ ಸಾರಿಕೆ ಪಿಸುಮಾತಾಯಿತು, ಆಮೇಲೆ ಬರೀ ತುಟಿಯ ಅಲುಗಾಟವಾಯಿತು, ಒಂದು ಚಳಿಗಾಲದಲ್ಲಿ ಅದೂ ನಿಂತಿತು.

ಅವಳು ಈಗಲೂ ಅವನ ಎದುರಿಗೆ ಕೂರುವುದಿಲ್ಲ. ಚಮಚದಲ್ಲಿ ಉಣಿಸುವಾಗಲೂ ಪಕ್ಕದಲ್ಲೇ ಕೂತು, ಬೀದಿಯ ಕಡೆ ನೋಡುತ್ತ, ಎದುರು ಮನೆಯವರು ಯಾವ ಬಣ್ಣದ ಪರದೆ ಕೇಳಿದ್ದಾರೆ, ಯಾರು ದುಡ್ಡಿಗೆ ಚೌಕಾಸಿ ಮಾಡಿದರು ಎಂದು ಹೇಳುತ್ತಿರುತ್ತಾಳೆ. ಮೊನ್ನೆ ಮಗಳು ಹೊರಡುವಾಗ ಬಾಗಿಲಲ್ಲಿ ನಿಂತು ಮೆಲ್ಲನೆ ಕೇಳಿದಳು.

"ಅಪ್ಪ ಸಂತೋಷವಾಗಿದ್ದಾರಾ ಅಮ್ಮ?"

"ಇದ್ದಾರೆ," ಎಂದಳು ಅವಳು.

ಮಗಳು ನಂಬಿ ಹೋದಳು. ತಾಯಿ ಬಾಗಿಲು ಹಾಕಿಕೊಂಡು, ತಾನು ಹೇಳಿದ್ದು ನಿಜವೋ ಅಲ್ಲವೋ ಎಂದು ಯೋಚಿಸುತ್ತ ಅಲ್ಲೇ ನಿಂತಳು. ಆಮೇಲೆ ಹೋಗಿ ಅವನ ಪಕ್ಕ ಕುಳಿತಳು.