ಹೆಸರಿಟ್ಟು ಕೂರಿಸಿದ ನೋವು

ಮಗಳಿಗೆ ಅನ್ನ ಕಲೆಸುವಾಗಲೂ, ಯಾಂಗೊನ್ನಿನ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗಲೂ ನನ್ನನ್ನು ಬಿಡದೆ ಕಾಡುವುದು ದೊಡ್ಡಮ್ಮ ಡೋ ಸಬೆಯ ಎಡಗೈ: ಮಳೆಗಾಲದ ಕೊನೆಗೆ ಬರುವ ದೀಪದ ಹುಣ್ಣಿಮೆಗೆ ಮಂಡಲೆಗೆ ಹೋಗಿ ಹಿರಿಯಳೆಂದು ಅವಳಿಗೆ ನಮಸ್ಕರಿಸಿದ ದಿನ, ಹೂ ಮುಡಿಯಲು ತುರುಬಿನವರೆಗೆ ಏರಲಾರದೆ ಭುಜದ ಬಳಿಯೇ ನಿಂತುಬಿಟ್ಟ ಕೈ.

ಮಂಡಲೆಯ ಬೀದಿ ಅವಳನ್ನು ಗುರುತಿಸುವುದು ನಡಿಗೆಯಿಂದ. ನಿವೃತ್ತ ಶಿಕ್ಷಕಿ, ಧ್ಯಾನಕೇಂದ್ರದ ಕಂದು ಶಾಲನ್ನು ಮದುವೆಮನೆಯಲ್ಲೂ ತೆಗೆಯದವಳು, ‘ಪಾದ ಏಳುತ್ತಿದೆ, ಸಾಗುತ್ತಿದೆ, ಊರುತ್ತಿದೆ’ ಎಂದು ಧ್ಯಾನದ ರೂಢಿಯಂತೆ ಪ್ರತಿ ಹೆಜ್ಜೆಗೂ ಮನದಲ್ಲೇ ಹೆಸರಿಡುತ್ತ, ಮಾರುಕಟ್ಟೆಯ ಗದ್ದಲವನ್ನು ನಿರ್ಜನ ಅರಣ್ಯವೆಂಬಂತೆ ದಾಟುವವಳು.

“ಟೀಚರಮ್ಮ, ಈ ಜನ್ಮದಲ್ಲೇ ದಾಟ್ತೀರೋ, ಮುಂದಿನ ಜನ್ಮದವರೆಗೂ ಕಾಯ್ಲೋ?” ಎಂದು ಸೈಕಲ್ ರಿಕ್ಷಾದವನು ಕೆಣಕಿದರೆ, “ಬಾಯಿ ಓಡ್ತಿದೆ, ಬಾಯಿ ಓಡ್ತಿದೆ” ಎಂದು ಅವನಿಗೂ ಒಂದು ಹೆಸರಿಟ್ಟು ಮುಂದಿನ ಪಾದ ಎತ್ತುತ್ತಾಳೆ.

ಬಾಣಂತನದಲ್ಲಿ ಮಗುವಿನ ಉಸಿರು ನಿಂತೀತೆಂಬ ಅಂಜಿಕೆಯಿಂದ ನಿದ್ದೆಗೆಟ್ಟಿದ್ದ ನನ್ನನ್ನು ಪಾರುಮಾಡಿದವಳೂ ಅವಳೇ. “ಓಡಿಸ್ಬೇಡ ಕಣೇ, ಹೆಸರು ಹಿಡಿದು ಕರಿ. ‘ಚಿಂತೆ, ಚಿಂತೆ’ ಅನ್ನು. ಗುರುತು ಸಿಕ್ಕಿದ ಕಳ್ಳನ ಹಾಗೆ ತಾನಾಗೇ ಜಾರ್ಕೊಳ್ಳುತ್ತೆ.” ಜಾರಿಕೊಂಡಿತು. ತಿಳಿಯಾದ ಮನಸ್ಸಿನ ರುಚಿ ನನಗೆ ಹತ್ತಿದ್ದು ಹಾಗೆ.

ಅದಕ್ಕೇ ಇರಬೇಕು, ಹುಣ್ಣಿಮೆಯ ದಿನ “ಕೈಗೇನಾಯ್ತು ದೊಡ್ಡಮ್ಮ?” ಎಂದು ಕೇಳಿದವಳು ಅವಳ ಉತ್ತರಕ್ಕೆ ತಲೆಬಾಗಿಬಿಟ್ಟೆ.

“ಎದೆ ಹತ್ರ ಒಂದು ಗಂಟು. ‘ನೋವು, ನೋವು’ ಅಂತ ನೋಡ್ತಾ ಕೂತಿದ್ದೀನಿ. ಬರುತ್ತೆ, ಹೋಗುತ್ತೆ. ನೀನು ಹೂ ಮುಡಿಸು ಬಾ.”

ಮುಡಿಸಿದೆ. ಯಾಂಗೊನ್ನಿಗೆ ಮರಳಿದ ಮೇಲೆ ಒಳಗೆ ಎದ್ದದ್ದಕ್ಕೆಲ್ಲ ‘ಚಿಂತೆ, ಚಿಂತೆ’ ಎಂದು ಹೆಸರಿಟ್ಟು ಮಲಗಿಸಿದೆ. ಮಳೆಗಾಲ ಮುಗಿದು ಚಳಿ ಬಂತು. ಡಾಕ್ಟರಿಗೆ ಹೇಳಬೇಕಾದುದನ್ನು ಉಸಿರಿಗೆ ಹೇಳಿ ಮುಗಿಸುವ ಇಂಥ ತಪ್ಪು ನಮ್ಮಂಥ ಧ್ಯಾನದ ಮನೆಗಳಲ್ಲಿ ಮಾತ್ರ ನಡೆದೀತು. ಚಿಂತೆಗಳಲ್ಲಿ ಕೆಲವು ನೋಡಿ ಬಿಡತಕ್ಕವು, ಕೆಲವು ಎದ್ದು ಹೊರಡತಕ್ಕವು. ಎರಡಕ್ಕೂ ಒಂದೇ ಹೆಸರಿಟ್ಟೆನಲ್ಲ!

ಪರರ ಕಳವಳವನ್ನು ಶಮನಗೊಳಿಸುವ ಇಂಥ ಜೀವಗಳ ಸುತ್ತ ನಾವೇ ಶಾಂತಿಯ ಪ್ರಭಾವಳಿಯೊಂದನ್ನು ಕಟ್ಟಿ, ಅದರೊಳಗೆ ಅವರನ್ನು ಒಂಟಿಯಾಗಿ ಕೂರಿಸಿಬಿಡುತ್ತೇವೆ. ಅವರ ಮೌನವೆಲ್ಲ ನಮಗೆ ಸಮಾಧಿಯಾಗಿಯೇ ಕಾಣುತ್ತದೆ.

ಇಂದು ಬೆಳಿಗ್ಗೆ ಫೋನ್ ಮಾಡಿದೆ. “ದೊಡ್ಡಮ್ಮ, ನಾಳೆ ಬರ್ತೀನಿ. ಆಸ್ಪತ್ರೆಗೆ ಹೋಗೋಣ.” ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದೆ.

“ಬೇಗ ಬಾರೇ,” ಎಂದಳು. “ಒಬ್ಬಳೇ ಹೋಗೋಕೆ ಹೆದರಿಕೆ ಆಗಿ ಇಷ್ಟು ದಿನ ಕೂತೇ ಇದ್ದೆ.”