ನಲವತ್ತೊಂದನೆಯ ಕಂತು

“ಮಿಲ್ ಗಯಾ, ಅವ್ವಾ! ಎಪಿಸೋಡ್ ಫಾರ್ಟಿ ಒನ್!”

ಮಗಳು ಭಾಗ್ಯಾ ಕೂಗಿದ ರಭಸಕ್ಕೆ ಶಿವರಾಯನ ಕೈಯಲ್ಲಿದ್ದ ಚಹಾ ತುಳುಕಿ ಲುಂಗಿಯ ಮೇಲೆ ಬಿತ್ತು. ಬೆಳಿಗ್ಗೆಯಿಂದ ಅವನು ಮೂರು ಸಲ ಹೊರಗೆ ಹೋಗಿ ಬಂದಿದ್ದ. ಭಾನುವಾರವಾದ್ದರಿಂದ ಅವನು ಹಮಾಲಿ ಮಾಡುವ ಕಳಂಬೋಲಿಯ ಉಕ್ಕಿನ ಮಾರುಕಟ್ಟೆಗೆ ರಜೆ. ನಾಲ್ಕನೆಯ ಸಲ ಹೋಗಲು ನೆಪ ಉಳಿದಿರಲಿಲ್ಲ.

“ಆ ಹಳೇ ಸೀರಿಯಲ್ ಈಗ್ಯಾಕ್ ಬೇಕು? ಯಾವ ಚಾನೆಲ್‌ದಾಗೂ ಹಾಕಂಗಿಲ್ಲ ಅದನ್ನ,” ಎಂದ.

“ಚಾನೆಲ್‌ನವ್ರು ಹಾಕದಿದ್ರ ಏನಾತು? ಯಾರೋ ಪುಣ್ಯಾತ್ಮ ಕ್ಯಾಸೆಟ್‌ನಿಂದ ತೆಗದು ನೆಟ್‌ನ್ಯಾಗ ಬಿಟ್ಟಾನಂತ,” ಎನ್ನುತ್ತ ಹೆಂಡತಿ ದ್ರೌಪದಿ ಟೀವಿಯ ಎದುರು ಚಾಪೆ ಎಳೆದುಕೊಂಡು ಮಗಳ ಕಡೆ ತಿರುಗಿದಳು. “ರಾಜನ ಬಾಜೂಕ ಭರ್ಚಿ ಹಿಡ್ಕೊಂಡು ನಿಂತಾಂವ ನಿಮ್ಮಪ್ಪ. ನೋಡು, ಆಮ್ಯಾಗ ಮಾತಾಡು. ಅಪ್ಪ ಫೇಕ್ತಾನ, ಬರೇ ಸುಳ್ಳ ಹೇಳ್ತಾನ ಅಂತಿದ್ದೆಲ್ಲ?”

‘ಸೂರ್ಯಧ್ವಜ’ ಧಾರಾವಾಹಿ ಬರುತ್ತಿದ್ದಾಗ ಭಾನುವಾರ ಊರ ಬೀದಿಗಳು ಖಾಲಿಯಾಗುತ್ತಿದ್ದವು. ಇಪ್ಪತ್ತೆಂಟು ವರ್ಷಗಳ ಹಿಂದೆ, ಅಫಜಲಪುರದ ಕಡೆಯ ಹಳ್ಳಿಯಲ್ಲಿ, ಗೌಡರ ಮನೆಯ ಕಪ್ಪುಬಿಳುಪು ಟೀವಿಯಲ್ಲಿ ಮಸುಕಾಗಿ ಕಂಡ ಶಿರಸ್ತ್ರಾಣದ ಸೈನಿಕನನ್ನು ದ್ರೌಪದಿ ತನ್ನ ಗಂಡನೆಂದು ಊರಿಗೆಲ್ಲ ತೋರಿಸಿದ್ದಳು. ಶಿವರಾಯ ಪತ್ರದಲ್ಲಿ ಬರೆಸಿದ್ದೂ ಹಾಗೆಯೇ. ಆಮೇಲೆ ಎರಡು ಸಲ ಮರುಪ್ರಸಾರವಾಯಿತು. ಎರಡು ಸಲವೂ ನಲವತ್ತೊಂದನೆಯ ಕಂತಿನ ದಿನ ಅವನು ಏನಾದರೊಂದು ನೆಪ ಹೂಡಿ ಹೆಂಡತಿಯನ್ನೂ ಕರೆದುಕೊಂಡು ಹೊರಗೆ ಹೋಗಿದ್ದ. ನಂತರ ಧಾರಾವಾಹಿ ಎಲ್ಲಿಯೂ ಬರಲಿಲ್ಲ. ಜನ ಬೇಸರಪಟ್ಟರು, ಅವನು ಉಸಿರುಬಿಟ್ಟ.

ಠಾಣೆಯ ಘೋಡಬಂದರ್ ರಸ್ತೆಯ ಬಯಲಿಗೆ ಚಿತ್ರೀಕರಣಕ್ಕೆಂದು ಲಾರಿಯಲ್ಲಿ ಒಯ್ದ ನಲವತ್ತು ಹಮಾಲರಲ್ಲಿ ಅವನಿಗೆ ನಿಜವಾಗಿ ಸಿಕ್ಕಿದ್ದು ಹೆಣದ ಪಾತ್ರ. ಚಿತ್ರೀಕರಣ ಮುಗಿದ ಮೇಲೆ, ಸತ್ತವರೆಲ್ಲ ಎದ್ದು ಕ್ಯಾಮೆರಾ ನೋಡಿ ನಗಬೇಕೆಂದು ನಿರ್ದೇಶಕರ ಸಹಾಯಕ ಹೇಳಿದ್ದ. ಹಾಗೆ ನಕ್ಕರೆ ಸಾವು ಅಲ್ಲಿಯೇ ಉಳಿಯುತ್ತದೆ, ಮನೆಗೆ ಬರುವುದಿಲ್ಲ ಎಂಬುದು ಚಿತ್ರೀಕರಣದ ಜನರ ನಂಬಿಕೆ. ಎಲ್ಲರೂ ನಕ್ಕರು. ಹಿಂದಿನ ದಿನವಿಡೀ ಸಲಾಕೆ ಹೊತ್ತಿದ್ದ ಶಿವರಾಯ ಮಾತ್ರ ಬಿದ್ದಲ್ಲೇ ನಿಜವಾಗಿ ನಿದ್ದೆ ಹೋಗಿದ್ದ. ಎಚ್ಚರವಾದಾಗ ಕ್ಯಾಮೆರಾ ಪೆಟ್ಟಿಗೆ ಸೇರಿತ್ತು. ಮರುವರ್ಷ ಅವರ ಚೊಚ್ಚಲ ಮಗು ಒಂಬತ್ತನೆಯ ದಿನ ತೀರಿಕೊಂಡಿತು. ಎರಡಕ್ಕೂ ಅವನೇ ಗಂಟು ಹಾಕಿದ. ಯಾರ ಮುಂದೆಯೂ ಬಿಚ್ಚಲಿಲ್ಲ.

ಟೀವಿಯಲ್ಲಿ ರಾಜ ಬಂದ. ಪಕ್ಕದಲ್ಲಿ ಭರ್ಜಿ ಹಿಡಿದವನು ಮುಖ ತಿರುಗಿಸಿದ. ಚೂಪು ಮೂಗು, ಬೆಕ್ಕಿನ ಕಣ್ಣು.

“ಯೇ ಪಪ್ಪಾ ಥೋಡಿ ಹೈ! ಇಂವ ಪಪ್ಪಾ ಅಲ್ಲೇ ಅಲ್ಲ!” ಭಾಗ್ಯಾ ನಕ್ಕಳು.

ದ್ರೌಪದಿ ನಗಲಿಲ್ಲ. ಶಿವರಾಯ ಬಾಗಿಲ ಕಡೆ ಸರಿದ. ತೆರೆಯ ಮೇಲೆ ರಣರಂಗ ಹರಡಿಕೊಂಡಿತು.

“ನಿಂದರ್ಸು,” ಎಂದಳು ದ್ರೌಪದಿ.

ಚಿತ್ರ ನಿಂತಿತು. ಮುರಿದ ರಥದ ಚಕ್ರದ ಪಕ್ಕ ಒಂದು ಬರಿಗಾಲು. ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಆ ಕಾಲಿಗೆ ಅವಳು ಎಷ್ಟು ಸಲ ಎಣ್ಣೆ ತಿಕ್ಕಿದ್ದಳೋ!

“ಇಲ್ಲಿ ಬರ್ರಿ.”

ಅವನು ಬಂದು ಕುಕ್ಕರಿಸಿದ. “ಹೆಣಾ ಆಗಿ ಮಲಗಿದ್ದೆ. ಎದ್ದು ನಗೂದಿತ್ತು. ನಿದ್ದಿ ಹತ್ತಿಬಿಡ್ತು, ನಗಲಿಲ್ಲ. ಅದಕ್ಕ ನಮ್ಮ ಕೂಸು...”

ದ್ರೌಪದಿ ಟೀವಿಯಿಂದ ಅವನ ಕಡೆ ತಿರುಗಿದಳು.

“ಕೂಸಿಗಿ ಕಾಮಣಿ ಆಗಿ ಮೈಯೆಲ್ಲ ಹಳದಿ ಬಿದ್ದಿತ್ತು,” ಎಂದಳು. “ಹಳ್ಳ ತುಂಬಿತ್ತು, ದವಾಖಾನಿಗಿ ಒಯ್ಯಾಕ ಆಗಲಿಲ್ಲ. ಹೊತ್ಕೊಂಡು ದಂಡೀಗಿ ನಿಂತಾಕಿ ನಾ. ನೀವಲ್ಲ.”

ಅವನು ಲುಂಗಿಯ ಮೇಲಿನ ಚಹಾದ ಕಲೆ ಉಜ್ಜತೊಡಗಿದ.

“ಇಷ್ಟ್ ವರ್ಷ ಇದನ್ನ ಒಬ್ರೇ ಹೊತ್ಕೊಂಡ್ ತಿರುಗೀರಿ, ಹಮಾಲಿ ಸಾಕಾಗ್ಲಿಲ್ಲ ಏನು? ಭಾಗ್ಯಾ, ಮೊಬೈಲ್ ಹಿಡಿ ನಿಮ್ಮಪ್ಪನ ಮಾರಿಗಿ. ವಿಡಿಯೋ ಚಾಲೂ ಮಾಡು.”

ಏನೂ ತಿಳಿಯದ ಭಾಗ್ಯಾ ಮೊಬೈಲ್ ಎತ್ತಿ ಹಿಡಿದಳು.

“ನಗ್ರಿ ಈಗ.”

ಶಿವರಾಯ ತುಟಿ ಬಿಚ್ಚಿದ. ನಗು ಬರಲಿಲ್ಲ.

“ಹಸೋ ನಾ, ಪಪ್ಪಾ,” ಎಂದಳು ಭಾಗ್ಯಾ ಮೆಲ್ಲಗೆ.

ದ್ರೌಪದಿ ಗಂಡನ ಬಲಗಾಲನ್ನು ಎಳೆದು ತೊಡೆಯ ಮೇಲೆ ಇಟ್ಟುಕೊಂಡಳು. ಎದುರಿನ ಟೀವಿಯಲ್ಲಿ ಅದೇ ಕಾಲು ಅಲುಗದೆ ಬಿದ್ದಿತ್ತು. ಅವಳು ಗಂಡನ ಅಂಗಾಲ ಮೇಲೆ ಒಮ್ಮೆ ಉಗುರು ಆಡಿಸಿ ಕಚಗುಳಿ ಇಟ್ಟಳು. ಕಿರುಬೆರಳು ಪಕ್ಕದ ಬೆರಳನ್ನು ಬಿಟ್ಟು ಚಿಮ್ಮಿತು.