ತೊಂಬತ್ತಾರು ಡಬ್ಬಿ, ಒಂದು ಆಪತ್ತು

ನಮ್ಮ ಮಾವನವರು ಬಸ್ ಡಿಪೋದಲ್ಲಿ ಮೂವತ್ತನಾಲ್ಕು ವರ್ಷ ಸ್ಟೋರ್ ಕೀಪರ್ ಆಗಿದ್ದವರು. ಬಲ್ಬಿರಲಿ, ಬೋಲ್ಟಿರಲಿ, ಕೈ ಒರೆಸುವ ಚಿಂದಿಯೇ ಇರಲಿ, ಏನು ಬೇಕು, ಎಷ್ಟು ಬೇಕು, ಯಾಕೆ ಬೇಕು ಎಂದು ಚೀಟಿ ಬರೆದುಕೊಟ್ಟರೆ ಮಾತ್ರ ಅದು ಅವರ ಕಿಟಕಿ ದಾಟುತ್ತಿತ್ತು. ಒಮ್ಮೆ ಡಿಪೋದ ವೆಲ್ಡರ್ ಹೆಬ್ಬೆರಳು ಕುಯ್ದುಕೊಂಡು ರಕ್ತ ಸುರಿಸುತ್ತ ಓಡಿಬಂದನಂತೆ. ಮಾವ ತಾವೇ ಒಂದು ಚೀಟಿ ತೆಗೆದು, "ಬ್ಯಾಂಡೇಜ್ - ಒಂದು. ಕಾರಣ: ಕಾಣುತ್ತಿದೆ" ಎಂದು ಬರೆದು, ಅದರ ಮೇಲೆ ಅವನ ಹೆಬ್ಬೆಟ್ಟು ಒತ್ತಿಸಿಕೊಂಡು ಆಮೇಲೆ ಗಾಯ ಕಟ್ಟಿದರು. ಶಾಯಿಯ ಖರ್ಚು ಉಳಿಯಿತು ಎಂದು ಈಗಲೂ ಹೇಳುತ್ತಾರೆ. ಡಿಪೋದವರು ಅವರಿಗೆ ಚೀಟಿ ಸಾಹೇಬ ಎಂದು ಹೆಸರಿಟ್ಟಿದ್ದರು.

"ನನ್ನ ಕೈಲಿ ಒಂದು ನಟ್ಟು ಕೂಡ ತುಕ್ಕು ಹಿಡಿದು ಗುಜರಿಗೆ ಹೋಗಿಲ್ಲ," ಎನ್ನುವುದು ಅವರ ಒಂದೇ ಜಂಬ. ನಿವೃತ್ತರಾದ ಮೇಲೆ ಆ ಜಂಬವನ್ನು ಕೇಳುವವರು ನಾವು ಮೂರೇ ಜನ ಉಳಿದೆವು: ಅತ್ತೆ, ನನ್ನ ಗಂಡ ಮತ್ತು ನಾನು. ಐದು ತಿಂಗಳಾದರೂ ಡಿಪೋದ ಒಂದು ನರಪಿಳ್ಳೆಯೂ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ. ಬೀದಿಯಲ್ಲಿ ಬಸ್ಸಿನ ಸದ್ದಾದರೆ ಸಾಕು, ಮಾವ ಕೈಲಿದ್ದ ಕಾಫಿ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

ಅಂಥ ಹೊತ್ತಿನಲ್ಲಿ ರೇಡಿಯೋದವರು, ಈ ವರ್ಷ ದೊಡ್ಡ ಬಿರುಗಾಳಿ ಬರಬಹುದು, ಪ್ರತಿ ಮನೆಯವರೂ ಮೂರು ವಾರದ ಆಹಾರ ಕೂಡಿಟ್ಟುಕೊಳ್ಳಿ ಎಂದರು. ಬಿದ್ದಿದ್ದ ಮನುಷ್ಯ ಎದ್ದು ಕೂತರು. ಅಂದು ಮಧ್ಯಾಹ್ನವೇ ಹೋಗಿ, ಒಂದು ಸಗಟು ಗೋಡೌನಿನಲ್ಲಿ ಒಂದರ ಬೆಲೆಗೆ ಮೂರು ಕೊಡುತ್ತಿದ್ದ ಮಾಂಸದ ಡಬ್ಬಿಗಳನ್ನು, ಕೋಳಿಯದು ಅರ್ಧ, ಕುರಿಯದು ಅರ್ಧ, ಒಟ್ಟು ತೊಂಬತ್ತಾರು, ಒಂದು ತಳ್ಳುಗಾಡಿಯ ತುಂಬ ಹೇರಿಸಿಕೊಂಡು ಮೆರವಣಿಗೆಯಂತೆ ಬಂದರು.

ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು. ಯಾವುದನ್ನು ಕಂಡರೂ ಮೊದಲು ತಿರುಗಿಸಿ ತಳ ನೋಡುವುದು ಅವರ ಅಭ್ಯಾಸ. "ಅಪ್ಪ, ಇದರ ಕೊನೇ ತಾರೀಖು ಇನ್ನು ನಾಲ್ಕೇ ತಿಂಗಳು ಇದೆ. ಅದಕ್ಕೇ ಅಗ್ಗ," ಎಂದರು.

"ನಾಲ್ಕು ತಿಂಗಳಲ್ಲಿ ಒಂದು ಆಪತ್ತು ಬರದೇ ಇರುತ್ತೇನೋ?" ಎಂದರು ಮಾವ, ದೇಶದ ಮೇಲೆ ಪೂರ್ತಿ ಭರವಸೆ ಇಟ್ಟು.

ನನಗೆ ಮೈಯೆಲ್ಲ ಉರಿದುಹೋಯಿತು. ಯಾಕೆಂದರೆ ಡಬ್ಬಿಗಳು ಹೋಗಿ ಕೂತದ್ದು ಅಡುಗೆಮನೆ ಪಕ್ಕದ ಸಣ್ಣ ಕೋಣೆಯಲ್ಲಿ. ಅದು ನನ್ನ ಹೊಲಿಗೆ ಯಂತ್ರಕ್ಕೆಂದು ಮಾತಾಗಿದ್ದ ಕೋಣೆ. ನಾನು ಬೆಳಗ್ಗೆ ಒಂದು ಹೊಲಿಗೆ ಅಂಗಡಿಯಲ್ಲಿ ದುಡಿದು, ಸಂಜೆ ಮನೆಯ ನಡುದಾರಿಯಲ್ಲಿ ಯಂತ್ರ ಇಟ್ಟುಕೊಂಡು ತುಳಿಯುವವಳು. ಬಚ್ಚಲಿಗೆ ಹೋಗುವವರು ನನ್ನನ್ನು ದಾಟಿ ಹೋಗಬೇಕು. ಈಗ ಕೋಣೆಗೆ ಬೀಗ ಬಿತ್ತು, ಬಾಗಿಲಲ್ಲಿ ಚೀಟಿ ಚುಚ್ಚಲು ಒಂದು ಮೊಳೆ ಬಂತು. ಬೀಗದ ಕೈ ಮಾವನ ಸೊಂಟ ಸೇರಿತು.

ಮೊದಲ ತಿಂಗಳು ಎರಡು ದಿನ ಕರೆಂಟ್ ಹೋಯಿತು. ನಾನು ಚೀಟಿ ಬರೆದೆ. "ಕರೆಂಟ್ ಹೋಗೋದು ಆಪತ್ತಲ್ಲಮ್ಮ, ಅಭ್ಯಾಸ," ಎಂದು ವಾಪಸ್ಸು ಕೊಟ್ಟರು. ಎರಡನೇ ತಿಂಗಳು ಗ್ಯಾಸ್ ಮುಗಿಯಿತು. "ಪಕ್ಕದ ಮನೇಲಿ ಇದೆಯಲ್ಲ," ಎಂದರು. ಮೂರನೇ ತಿಂಗಳು ಬಿರುಗಾಳಿ ನಿಜವಾಗಿಯೂ ಹೊರಟಿತು. ನಾಲ್ವರೂ ರೇಡಿಯೋ ಸುತ್ತ ಕೂತೆವು. ಇನ್ನೇನು ಬಂತು ಎನ್ನುವಾಗ ಅದು ದಿಕ್ಕು ಬದಲಿಸಿ ಸಮುದ್ರಕ್ಕೆ ವಾಪಸ್ಸಾಯಿತು ಎಂದರು. ಊರಿಗೆ ಊರೇ ಕುಣಿಯಿತು. ನಮ್ಮ ಮನೆಯಲ್ಲಿ ಮಾತ್ರ ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, "ಅಷ್ಟು ದೂರ ಬಂದದ್ದು ಇಷ್ಟು ಬರೋಕಾಗಲಿಲ್ವಾ ಅದಕ್ಕೆ," ಎಂದರು.

"ಯಾರಿಗಾದ್ರೂ ಕೊಟ್ಟುಬಿಡೋಣ ಅಪ್ಪ," ಎಂದರು ನನ್ನ ಗಂಡ.

"ಆಪತ್ತಿಗೆ ಅಂತ ತಂದದ್ದು ಆಪತ್ತಿಗೇ ಹೋಗಬೇಕು. ನಿಯಮ ಮುರಿದು ಖಾಲಿ ಮಾಡಿದ್ರೆ ಅದು ಸ್ಟೋರಲ್ಲ, ಸಂತೆ."

ಕೊನೇ ತಾರೀಖು ಒಂದು ಭಾನುವಾರ. ಅದು ಹತ್ತಿರ ಬಂದಂತೆಲ್ಲ ಮಾವ ಇಳಿದುಹೋದರು. ಊಟ ಅರ್ಧವಾಯಿತು. ಬಾಗಿಲು ತೆರೆದು ಡಬ್ಬಿಗಳ ಧೂಳು ಒರೆಸುವುದು, ಮತ್ತೆ ಮುಚ್ಚುವುದು. ಭಾನುವಾರ ದಾಟಿದರೆ ತೊಂಬತ್ತಾರೂ ಗುಂಡಿಗೆ. ಮೂವತ್ತನಾಲ್ಕು ವರ್ಷ ಒಂದು ನಟ್ಟು ಕೆಡಿಸದವರು ಸ್ವಂತ ಮನೆಯಲ್ಲಿ ಸ್ಟೋರ್ ಕೊಳೆಸಿದರು ಎಂದಾಗುತ್ತದೆ. ಆಮೇಲೆ ಆ ಮನುಷ್ಯ ತಲೆ ಎತ್ತುವುದಿಲ್ಲ ಎಂದು ನನಗೆ ಗೊತ್ತಿತ್ತು. ನನಗೆ ಕೋಣೆಯ ಮೇಲೆ ಎಷ್ಟು ಆಸೆಯೋ, ಹಾಳಾದ್ದು, ಈ ಮುದುಕರ ಮೇಲೂ ಅಷ್ಟೇ ಪ್ರೀತಿ. ಗುರುವಾರ ಅಂಗಡಿಯಲ್ಲಿ ಗುಂಡಿಯ ಕಾಜಾ ಹೊಲಿಯುತ್ತಿದ್ದಾಗ ತಟ್ಟನೆ ಹೊಳೆಯಿತು. ಆಪತ್ತು ತಾನಾಗಿ ಬರದಿದ್ದರೆ ಕರೆಸಬೇಕು! ಹೇಳದೆ ಕೇಳದೆ ಊಟದ ಹೊತ್ತಿಗೆ ಹನ್ನೊಂದು ಜನ ಬಾಗಿಲಿಗೆ ಬಂದರೆ, ಮನೆಯಲ್ಲಿ ಏನೂ ಇಲ್ಲದಿದ್ದರೆ, ಅದಕ್ಕಿಂತ ದೊಡ್ಡ ಬಿರುಗಾಳಿ ಯಾವುದು? ಅಂಗಡಿಯ ಹನ್ನೊಂದು ಹೆಂಗಸರಿಗೂ ಹೇಳಿದೆ. "ಭಾನುವಾರ ಹನ್ನೆರಡೂವರೆಗೆ ಬನ್ನಿ. ಹಸಿದು ಬನ್ನಿ. ನಾನು ಕರೆದೆ ಅಂತ ಮಾತ್ರ ಬಾಯಿಬಿಡಬೇಡಿ."

ಭಾನುವಾರ ಬೆಳಗ್ಗೆ ನಾನು ಅಟ್ಟದಿಂದ ದೊಡ್ಡ ಹಂಡೆ ಇಳಿಸಿ, ಸುಮ್ಮನೆ ತಿಕ್ಕುತ್ತಿದ್ದೇನೆ ಎಂದೆ. ಅತ್ತೆ ಒಂದು ಚೀಲ ಈರುಳ್ಳಿ ಸುಲಿಯುತ್ತ ಕೂತಿದ್ದರು. ನನ್ನ ಗಂಡ ಎಲ್ಲಿಂದಲೋ ಇಪ್ಪತ್ತು ಪೌಂಡು ಬ್ರೆಡ್ ತಂದು ಮಂಚದ ಕೆಳಗೆ ತಳ್ಳುತ್ತಿದ್ದರು. ನನ್ನ ಕಳ್ಳತನದ ಗಡಿಬಿಡಿಯಲ್ಲಿ ಉಳಿದವರ ಕಳ್ಳತನ ನನಗೆ ಕಾಣಲೇ ಇಲ್ಲ. ಮಾವ ನುಣ್ಣಗೆ ಗಡ್ಡ ಬೋಳಿಸಿಕೊಂಡು, ಡಿಪೋದ ಖಾಕಿ ಅಂಗಿ ತೊಟ್ಟು, ಕೋಣೆಯ ಬಾಗಿಲಿಗೆ ಕುರ್ಚಿ ಹಾಕಿ ಕೂತಿದ್ದರು. ಬೆಳಗಿನ ತಿಂಡಿ ಮುಟ್ಟಿರಲಿಲ್ಲ.

ಹನ್ನೆರಡೂವರೆಗೆ ಸರಿಯಾಗಿ ನನ್ನ ಹೊಲಿಗೆಯವರು ಬಂದರು. "ಅಯ್ಯೋ, ಹೀಗೇ ಹೋಗ್ತಾ ಇದ್ವಿ, ನಿನ್ನ ಮನೆ ಕಾಣ್ತು!" ಎಂದರು ಹನ್ನೊಂದು ಜನವೂ ಒಂದೇ ಉಸಿರಿನಲ್ಲಿ. ನಾನು ಎದೆಗೆ ಕೈ ಇಟ್ಟುಕೊಂಡು ಗಾಬರಿಯಾಗುವಷ್ಟರಲ್ಲಿ ಅವರ ಹಿಂದೆಯೇ ಎಂಟು ಜನ ಲಿಫ್ಟಿನವರು ಬಂದರು. ಅವರೂ ಹೀಗೇ ಹೋಗುತ್ತಿದ್ದರಂತೆ. ನಾನು ಗಂಡನ ಮುಖ ನೋಡಿದೆ. ಅವರು ಸೂರಿನಲ್ಲಿ ಏನೋ ಬಿರುಕು ಪರೀಕ್ಷಿಸುತ್ತಿದ್ದರು. ಅಷ್ಟರಲ್ಲಿ ಅತ್ತೆಯ ಜೊತೆ ಬೆಳಗ್ಗೆ ವಾಕಿಂಗ್ ಹೋಗುವ ಏಳು ಜನ ಅಜ್ಜಿಯರು ಕೋಲು ಕುಟ್ಟುತ್ತ ಒಳಗೆ ಬಂದು, "ದಾರಿ ತಪ್ಪಿತು," ಎಂದರು. ಅವರಲ್ಲಿ ಒಬ್ಬರ ಮನೆ ನಮ್ಮ ಎದುರಿಗೇ ಇದೆ.

ಇಪ್ಪತ್ತಾರು ಜನ. ಕೂರಲು ಜಾಗವಿಲ್ಲದೆ ಒಬ್ಬಳು ನನ್ನ ಯಂತ್ರದ ಮೇಲೆ ಕೂತಳು. ನಾನು ಕಾಗದ ಹರಿದು ಬರೆದೆ: "ಡಬ್ಬಿ - ಇಪ್ಪತ್ತಾರು. ಕಾರಣ: ಹೇಳದೆ ಕೇಳದೆ ನೆಂಟರು ಬಂದಿದ್ದಾರೆ. ಬಡಿಸಲು ಏನೂ ಇಲ್ಲ. ಮನೆಯ ಮಾನ ಹೋಗುತ್ತಿದೆ."

ಮಾವ ಕನ್ನಡಕ ಏರಿಸಿ ಎರಡು ಸಲ ಓದಿದರು. "ಹೇಳದೆ ಕೇಳದೆ ಅಂತ ಬರೆದಿದ್ದೀಯ. ಆ ಹಂಡೆ ಯಾಕೆ ಇಳಿಸಿದೆ? ಆ ಈರುಳ್ಳಿ ಯಾರಿಗೆ ಸುಲಿದದ್ದು?"

"ನನಗೆ ಅಳಬೇಕು ಅನ್ನಿಸ್ತು, ಸುಲಿದೆ!" ಎಂದರು ಅತ್ತೆ. "ನಿಮ್ಮನ್ನ ಕಟ್ಟಿಕೊಂಡವಳಿಗೆ ಅಷ್ಟೂ ಹಕ್ಕಿಲ್ವಾ?"

ಎಲ್ಲರೂ ಗೊಳ್ಳೆಂದು ನಕ್ಕರು. ಮಾವ ನಗಲಿಲ್ಲ. ಚೀಟಿಯನ್ನು ಮಡಚಿ ನನ್ನ ಕೈಗೇ ಕೊಟ್ಟರು. "ಸುಳ್ಳು ಚೀಟಿಗೆ ಇದುವರೆಗೂ ಸಹಿ ಹಾಕಿಲ್ಲಮ್ಮ. ಇವತ್ತು ಹಾಕಲಾ?"

ನನ್ನ ತಲೆ ಕೆಟ್ಟಿತು. "ಹಾಗಾದ್ರೆ ಕೊಳೀಲಿ ಬಿಡಿ ಮಾವ! ತೊಂಬತ್ತಾರೂ ಕೊಳೀಲಿ!" ಎಂದು ಕೂಗಿಬಿಟ್ಟೆ. ಅವರ ಮುಖ ಒಂದೇ ಸಲ ಬಾಡಿತು. ಆಡಿದ ಮಾತು ನುಂಗಿಕೊಳ್ಳಲು ಆಗುವಂತಿದ್ದರೆ ನಾನು ಅದನ್ನೇ ಉಂಡು ಅವತ್ತಿನ ಊಟ ಮುಗಿಸುತ್ತಿದ್ದೆ.

ಆಗ ಬೀದಿಯಲ್ಲಿ ಹಾರ್ನ್ ಕೇಳಿತು. ಒಂದು ಹಳೇ ಬಸ್ಸು ಕೆಮ್ಮುತ್ತ ಬಂದು ನಮ್ಮ ಬಾಗಿಲಿಗೇ ನಿಂತಿತು. ಅದರಿಂದ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕು, ಟೈರು ಬದಲಿಸುವವರು, ಬಸ್ಸು ತೊಳೆಯುವವರು, ಇಳಿದರು, ಇಳಿದರು, ಇಳಿಯುತ್ತಲೇ ಇದ್ದರು. ನಲವತ್ತೊಂದು ಜನ. ಎಲ್ಲರಿಗೂ ಮುಂದೆ, ದೊಡ್ಡ ಹೊಟ್ಟೆಯ ಒಬ್ಬ ಮನುಷ್ಯ ಹೆಬ್ಬೆರಳು ಮೇಲೆತ್ತಿ ಅದರ ಮೇಲಿದ್ದ ಹಳೇ ಗಾಯದ ಗುರುತು ತೋರಿಸುತ್ತ ಬಂದ. ಅವನೇ ಆ ವೆಲ್ಡರ್ ಎಂದು ಯಾರೂ ಹೇಳಬೇಕಾಗಲಿಲ್ಲ.

"ಮಾವ, ಇವರನ್ನ ಯಾರು ಕರೆದದ್ದು?" ಎಂದೆ.

ಮಾವನ ಕಿವಿ ಕೆಂಪಾಗಿತ್ತು. "ಒಬ್ಬನನ್ನ ಕರೆದಿದ್ದೆ," ಎಂದರು ಮೆಲ್ಲಗೆ.

ವೆಲ್ಡರ್ ನಕ್ಕು ನಕ್ಕು ಬಾಗಿಲ ಚೌಕಟ್ಟು ಹಿಡಿದುಕೊಂಡ. "ತಾಯೀ, ಸಾಹೇಬರು ಬುಧವಾರ ಫೋನ್ ಮಾಡಿ, ಭಾನುವಾರ ಊಟಕ್ಕೆ ಬಾ ಅಂದ್ರು. ನನಗೆ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಫೋನ್ ಇಡೋ ಮುಂಚೆ, ಬರ್ತಾ ಚೀಟಿ ತಗೊಂಡು ಬಾ ಅಂದ್ರು! ಊಟಕ್ಕೆ ಚೀಟಿ! ನಾನು ಡಿಪೋಗೆಲ್ಲ ಹೇಳಿದೆ. ಯಾರೂ ನಿಲ್ಲಲಿಲ್ಲ, ಹೊರಟೇಬಿಟ್ರು."

ಊಟಕ್ಕೆ ಕರೆದವನಿಗೆ ಚೀಟಿ ತಾ ಎನ್ನುವ ಮನುಷ್ಯ ಈ ಭೂಮಿಯ ಮೇಲೆ ನಮ್ಮ ಮಾವ ಒಬ್ಬರೇ. ನಲವತ್ತೊಂದು ಜನವೂ ಜೇಬಿನಿಂದ ಒಂದೊಂದು ಚೀಟಿ ತೆಗೆದರು. ಒಬ್ಬ ಟಿಕೆಟಿನ ಹಿಂದೆ ಬರೆದಿದ್ದ, ಇನ್ನೊಬ್ಬ ಸಿಗರೇಟು ಪ್ಯಾಕಿನ ಒಳಮೈ ಮೇಲೆ. ಎಲ್ಲದರಲ್ಲೂ ಒಂದೇ ಮಾತು: "ಊಟ - ಒಂದು. ಕಾರಣ: ಹಸಿವು." ವೆಲ್ಡರನದು ಮಾತ್ರ ಬೇರೆ. "ಊಟ - ಎರಡು. ಕಾರಣ: ಕಾಣುತ್ತಿದೆ." ಅವನು ಹೊಟ್ಟೆ ಮುಂದೆ ಮಾಡಿ ತೋರಿಸಿದ.

ಮಾವ ಚೀಟಿ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. "ಇದು ಸರಿಯಾದ ಚೀಟಿ. ಸುಳ್ಳಿಲ್ಲ, ಹಸಿವೂ ಆಪತ್ತೇ," ಎಂದರು. ವೆಲ್ಡರ್ ಎರಡೂ ಕೈ ಚಾಚಿ ಅವರನ್ನು ಅಪ್ಪಿ ನೆಲದಿಂದ ಎತ್ತಿಯೇಬಿಟ್ಟ. ಖಾಕಿ ಅಂಗಿಯ ಗುಂಡಿ ಟಪ್ಪೆಂದು ಕಿತ್ತು ಅಜ್ಜಿಯೊಬ್ಬರ ಮಡಿಲಿಗೆ ಬಿತ್ತು.

ಆಮೇಲೆ ನಡೆದದ್ದು ಊಟವಲ್ಲ, ದೊಂಬಿ. ಮಾವ ಕುರ್ಚಿಯಲ್ಲಿ ಕೂತು ಒಂದೊಂದೇ ಚೀಟಿಗೆ ಸಹಿ ಹಾಕುವುದು, ಮೊಳೆಗೆ ಚುಚ್ಚುವುದು, ಡಬ್ಬಿ ಕೊಡುವುದು. "ಬೇಗ ಮಾಡಿ ಮಾವ, ಒಲೆ ಮೇಲೆ ಹಂಡೆ ಒಣಗ್ತಾ ಇದೆ!" ಎಂದು ನಾನು ಬೊಬ್ಬೆ ಹೊಡೆದರೂ ಅವರ ಸಹಿಯ ಕೊನೇ ಸುಳಿ ಒಂದೂ ತಪ್ಪಲಿಲ್ಲ. ಲಿಫ್ಟಿನವರು ಸ್ಕ್ರೂಡ್ರೈವರಿನಿಂದ, ಡಿಪೋದವರು ಹಲ್ಲೊಂದನ್ನು ಬಿಟ್ಟು ಉಳಿದೆಲ್ಲದರಿಂದ ಡಬ್ಬಿ ತೆರೆದರು. ಈರುಳ್ಳಿ, ಮೆಣಸು, ಮಾಂಸ ಹಂಡೆಯಲ್ಲಿ ಕೊತಕೊತ ಕುದಿಯಿತು. ಮಂಚದ ಕೆಳಗಿನ ಬ್ರೆಡ್ ಹೊರಗೆ ಬಂತು. ಜಾಗ ಸಾಲದೆ ಬಸ್ಸಿನ ಸೀಟುಗಳ ಮೇಲೂ ಎಲ್ಲರೂ ತಟ್ಟೆ ಹಿಡಿದು ಕೂತರು, ಕಂಡಕ್ಟರ್ ಸೀಟಿ ಊದಿ ಎರಡನೇ ಸಲ ಬಡಿಸಲು ಹೇಳಿದ. ಹೊಲಿಗೆಯವರೂ ಲಿಫ್ಟಿನವರೂ ಅಜ್ಜಿಯರೂ ಈಗ ನಿಜವಾದ ಚೀಟಿ ಬರೆದು ಸಾಲಿನಲ್ಲಿ ನಿಂತರು. ಈ ಹೊತ್ತಿಗೆ ಅವರ ಹಸಿವು ಸುಳ್ಳಾಗಿರಲಿಲ್ಲ. ನಾನು ಮುರುಕು ಸೌಟು ಹಿಡಿದು ಯಾಕೆ ನಗುತ್ತಿದ್ದೇನೆ ಎಂದು ಗೊತ್ತಾಗದೆ ನಗುತ್ತಿದ್ದೆ.

ನಾಲ್ಕು ಗಂಟೆಗೆ ಕೋಣೆ ಬರಿದಾಯಿತು. ತೊಂಬತ್ತಾರನೇ ಡಬ್ಬಿಯದು ಮಾವನ ತಟ್ಟೆಯಲ್ಲಿತ್ತು. ಅವರು ನೆಲದ ಮೇಲೆ ಕೂತು ಎರಡು ಹೊತ್ತಿನ ಹಸಿವಿನಿಂದ ತಿನ್ನುತ್ತಿದ್ದರು.

"ಬೆಳಗ್ಗೆ ಯಾಕೆ ತಿಂಡಿ ತಿನ್ನಲಿಲ್ಲ ಮಾವ?"

"ಅವನೊಬ್ಬನೂ ಬರಲ್ಲ ಅಂದ್ಕೊಂಡಿದ್ದೆ ಕಣಮ್ಮ," ಎಂದರು. "ಎಷ್ಟು ಕಾಡಿದ್ದೀನಿ ಅವರನ್ನೆಲ್ಲ. ಯಾಕೆ ಬರ್ತಾರೆ?" ಆಮೇಲೆ ತಟ್ಟೆ ಮುಂದೆ ಚಾಚಿದರು. "ಇನ್ನೊಂದು ಚೂರು ಬ್ರೆಡ್ ಹಾಕು."

ಸೋಮವಾರ ಅಂಗಡಿಯಿಂದ ಬಂದಾಗ ನನ್ನ ಯಂತ್ರ ಕೋಣೆಯೊಳಗೆ, ಕಿಟಕಿಯ ಬೆಳಕಿಗೆ ಎದುರಾಗಿ ಕೂತಿತ್ತು. ಬೀಗದ ಕೈ ಅದರ ಮೇಲಿತ್ತು. ಹೊಸದಾಗಿ ಮದುವೆಯಾದವಳಂತೆ ಕೋಣೆಯನ್ನೆಲ್ಲ ಸುತ್ತಿ ನೋಡಿ, ಕೂತು, ಇನ್ನೇನು ತುಳಿಯಬೇಕು, ಬಾಗಿಲಲ್ಲಿ ಕೆಮ್ಮು ಕೇಳಿತು. ಮಾವ ಖಾಕಿ ಅಂಗಿ ಕೈಲಿ ಹಿಡಿದು ಹೊಸ್ತಿಲ ಆಚೆಯೇ ನಿಂತಿದ್ದರು.

ನಾನು ಬಿಟ್ಟೇನೆಯೇ? "ಚೀಟಿ ಎಲ್ಲಿ ಮಾವ?" ಎಂದೆ.

ಅವರು ನಗಲಿಲ್ಲ. ಜೇಬಿಗೆ ಕೈ ಹಾಕಿ, ನಾಲ್ಕಾಗಿ ಮಡಚಿದ ಒಂದು ಕಾಗದ ತೆಗೆದು, ಎರಡೂ ಕೈಯಿಂದ ನನಗೆ ಕೊಟ್ಟರು. ದುಂಡಗಿನ ಅಕ್ಷರಗಳಲ್ಲಿ ಹೀಗೆ ಬರೆದಿತ್ತು:

"ಗುಂಡಿ - ಒಂದು. ಕಾರಣ: ತಬ್ಬಿಕೊಂಡರು."